ಎಂಟನೆಯ ಇಯತ್ತೆಯ ಮೊದಲ ನಾಲ್ಕು ತಿಂಗಳು

ಮೃಗಶಿರಾ ಮಳೆ ಹಿಡಿಯುವದಕ್ಕೂ ನಮ್ಮ ನಾಡಿನ ಶಾಲೆಗಳು ತೆರೆಯುವದಕ್ಕೂ ಬಹಳ ದಿನಗಳ ಅಂತರವಿರುವದಿಲ್ಲ. ಹೊಲದಲ್ಲಿ ಕೂರಿಗೆ ಹೂಡುವ ಆ ದಿನಗಳಲ್ಲಿಯೇ, ತನ್ನ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯನ್ನು ಮುಗಿಸಿದ ಹದಿಮೂರು ವರ್ಷದ ಬಾಲಕನೋ ಬಾಲಿಕೆಯೋ ಚೀಲವನ್ನು ಹೆಗಲಿಗೇರಿಸಿ ನೆರೆಯ ದೊಡ್ಡ ಊರಿನ ಪ್ರೌಢಶಾಲೆಯ ಹಾದಿ ಹಿಡಿಯುವದನ್ನು ವಾಚಕರೆಲ್ಲರೂ ನೋಡಿರಬಹುದು. ನೋಡಲು ಆನಂದದಾಯಕವಾದ ದೃಶ್ಯವೇ ಸರಿ. ಆದರೆ ಅಂದು ಹೋದ ಮಕ್ಕಳಲ್ಲಿ ಕೆಲವರು ದಸರೆಯ ರಜೆ ತೀರಿದ ಮೇಲೆ ಮರಳಿ ಅದೇ ಹಾದಿಯಲ್ಲಿ ಕಾಣಿಸುವದಿಲ್ಲವೆಂಬುದನ್ನು ಗಮನಿಸುವವರು ವಿರಳ. ಇನ್ನು ಕೆಲವರು ಕಾಣಿಸುವರು. ಹಾಜರಿಪಟದಲ್ಲಿ ಅವರ ಹೆಸರಿನ ಮುಂದೆ ಗುರುತೂ ಬೀಳುವದು. ಅವರ ಕಲಿಕೆ ಮಾತ್ರ ನಿಂತುಹೋಗಿ ಮೂರು ತಿಂಗಳು ಸಂದಿರುವದು. ಜೂನಿನಿಂದ ಅಕ್ಟೋಬರದವರೆಗಿನ ಈ ಒಂದು ಅವಧಿಯಲ್ಲಿ ತರಗತಿಯ ಗೋಡೆಗಳ ನಡುವೆ ನಡೆಯುವದೇನು, ನಡೆಯಬೇಕಾದುದೇನು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಎಂಟನೆಯ ಇಯತ್ತೆಯೇ ಏಕೆ ಎಂದು ಕೇಳಬಹುದು. ೨೦೦೯ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾಯಿದೆಯು ಒಂದರಿಂದ ಎಂಟರವರೆಗಿನ ಇಯತ್ತೆಗಳನ್ನು ಒಂದೇ ಎಳೆಯಲ್ಲಿ ಪೋಣಿಸಿತು. ಕರ್ನಾಟಕದಲ್ಲಾದರೋ ಹಳ್ಳಿಯ ಶಾಲೆ ಬಹುಮಟ್ಟಿಗೆ ಏಳಕ್ಕೆ ಮುಗಿಯುವದು. ಎಂಟರಿಂದ ಹತ್ತರವರೆಗೆ ಪ್ರೌಢಶಾಲೆ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯಿತ್ತು. ಆ ಪರೀಕ್ಷೆ ಹೋಗಿ ಎಷ್ಟೋ ಕಾಲವಾಯಿತು, ಗಡಿಯು ಮಾತ್ರ ಹಾಗೆಯೇ ಉಳಿಯಿತು. ಈ ಗಡಿಯನ್ನು ದಾಟುವ ಮಗುವಿಗೆ ಒಮ್ಮೆಲೆ ಎಲ್ಲವೂ ಹೊಸದು. ಹಳ್ಳಿಯ ಶಾಲೆಯಲ್ಲಿ ಅದರ ತಂದೆಯನ್ನೂ ಅಜ್ಜಿಯನ್ನೂ ಬಲ್ಲ ಮಾಸ್ತರರಿದ್ದರು. ಇಲ್ಲಿ ವಿಷಯಕ್ಕೊಬ್ಬರಂತೆ ಆರೇಳು ಮಂದಿ ಶಿಕ್ಷಕರು. ಗಂಟೆ ಬಾರಿಸಿದೊಡನೆ ಒಬ್ಬರು ಹೋಗಿ ಇನ್ನೊಬ್ಬರು ಬರುವರು. ಈ ಮಗು ಓದಬಲ್ಲದೇ ಇಲ್ಲವೇ ಎಂಬುದನ್ನು ಅವರಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರು ನೋಡಿಕೊಂಡಿರಬೇಕೆಂದು ಭಾವಿಸುವರು.

ಸರಕಾರವು ಈ ಗಡಿಯನ್ನು ಕಂಡಿಲ್ಲವೆಂದಲ್ಲ. ೨೦೦೬-೦೭ರಿಂದ ಮೊದಲ್ಗೊಂಡು ಹಲವು ವರ್ಷ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಲಾಯಿತು. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮುಖ ಕಂಡರೆಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು. ಆದರೆ ಸೈಕಲ್ಲು ಮಗುವನ್ನು ಮುಟ್ಟಿಸಿದ್ದು ಶಾಲೆಯ ಬಾಗಿಲನ್ನು. ಬಾಗಿಲಿನಿಂದ ಕರಿಹಲಗೆಯವರೆಗೆ ಉಳಿದ ಹತ್ತು ಮಾರು ದೂರವನ್ನು ದಾಟಿಸುವ ವಾಹನವನ್ನು ಯಾವ ಸರಕಾರವೂ ಹಂಚಲಾರದು.

ಆ ಹತ್ತು ಮಾರಿನ ಅಳತೆಯನ್ನು ಬಲ್ಲವರು ಮಾಡಿಟ್ಟಿದ್ದಾರೆ. ಪ್ರಥಮ್ ಸಂಸ್ಥೆಯ ಬಳಗದವರು ೨೦೨೩ರಲ್ಲಿ ೨೬ ರಾಜ್ಯಗಳ ೨೮ ಗ್ರಾಮೀಣ ಜಿಲ್ಲೆಗಳಲ್ಲಿ ಹದಿನಾಲ್ಕರಿಂದ ಹದಿನೆಂಟು ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದರು. ತಮ್ಮದೇ ಭಾಷೆಯಲ್ಲಿ ಎರಡನೆಯ ಇಯತ್ತೆಯ ಪಾಠವನ್ನು ತಡೆಯಿಲ್ಲದೆ ಓದಲಾರದವರು ಸುಮಾರು ಕಾಲುಭಾಗ. ಮೂರು ಅಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ ೪೩.೩ ಮಾತ್ರ. ಎಂಟನೆಯ ಇಯತ್ತೆಯನ್ನು ದಾಟಿದ ಅಥವಾ ಅದರಲ್ಲಿ ಕುಳಿತ ವಯಸ್ಸಿನ ಮಕ್ಕಳಿವರು! ಇಂಥ ಮಕ್ಕಳ ಮುಂದೆ ಜೂನ್ ತಿಂಗಳಿನ ಮೊದಲ ವಾರವೇ ಭಾಗಲಬ್ಧ ಸಂಖ್ಯೆಗಳ ಅಧ್ಯಾಯವನ್ನು ತೆರೆದರೆ ಏನಾಗಬಹುದು?

ಏನಾಗುವದೆಂಬುದನ್ನು ಒಂದು ಲೆಕ್ಕದಿಂದಲೇ ಹೇಳುವೆವು. ೮೨೪ನ್ನು ೮ರಿಂದ ಭಾಗಿಸೆಂದು ಹಲಗೆಯ ಮೇಲೆ ಬರೆಯಿರಿ. ಬಹಳ ಮಕ್ಕಳ ಉತ್ತರ ೧೩ ಎಂದು ಬರುವದು. ಎಂಟೊಂದ್ಲೆ ಎಂಟು, ಒಂದನ್ನು ಬರೆದಾಯಿತು. ಎರಡರಲ್ಲಿ ಎಂಟು ಹೋಗುವದಿಲ್ಲ, ಆದುದರಿಂದ ನಾಲ್ಕನ್ನೂ ಇಳಿಸಿಕೊಂಡೆ. ಎಂಟು ಮೂರ್ಲೆ ಇಪ್ಪತ್ನಾಲ್ಕು, ಮೂರನ್ನು ಬರೆದೆ. ಹುಡುಗನು ಮಗ್ಗಿಯಲ್ಲಿ ತಪ್ಪಲಿಲ್ಲ, ಕಳೆಯುವದರಲ್ಲಿಯೂ ತಪ್ಪಲಿಲ್ಲ. ಎರಡರಲ್ಲಿ ಎಂಟು ಹೋಗದಿದ್ದಾಗ ಹತ್ತರ ಸ್ಥಾನದಲ್ಲಿ ಸೊನ್ನೆಯನ್ನಿಡಬೇಕೆಂಬುದೊಂದನ್ನು ಬಿಟ್ಟನು. (ಪಾಠಶಾಲೆಯಲ್ಲಿ ಈ ಸೊನ್ನೆಯನ್ನೇ ನುಂಗಿ ಬೆರಳಗಂಟಿನ ಮೇಲೆ ಪೆಟ್ಟು ತಿಂದವರಲ್ಲಿ ಈ ಲೇಖಕನೂ ಒಬ್ಬನು, ಆದುದರಿಂದ ಆ ಹುಡುಗನ ಪಕ್ಷ ವಹಿಸುವದು ನಮಗೆ ಸಹಜವಾಗಿದೆ.) ಶಿಕ್ಷಕರು ಆ ೧೩ರ ಮೇಲೆ ಕೆಂಪು ಗೀಟನ್ನೆಳೆದು ಮುಂದೆ ಹೋಗುವರು. ಹುಡುಗನಿಗೆ ತಿಳಿಯುವದಿಷ್ಟೇ: ತಾನು ತಪ್ಪಿದೆ, ಏಕೆಂಬುದು ಗೊತ್ತಿಲ್ಲ.

ಇದನ್ನು ತಿದ್ದಲು ಯಂತ್ರಬೇಡ, ಪರದೆಬೇಡ. ಎಂಟು ಮಕ್ಕಳನ್ನು ಮುಂದೆ ಕರೆಯಿರಿ. ಕಾಗದದಲ್ಲಿ ಕತ್ತರಿಸಿದ ನೂರರ ನೋಟುಗಳು ಎಂಟು, ಹತ್ತರವು ಎರಡು, ಬಿಡಿ ರೂಪಾಯಿಗಳು ನಾಲ್ಕು, ಇಷ್ಟನ್ನು ಮೇಜಿನ ಮೇಲಿಟ್ಟು ಸಮನಾಗಿ ಹಂಚಿಕೊಳ್ಳಿರೆನ್ನಿರಿ. ನೂರರ ನೋಟು ತಲೆಗೊಂದು ಬರುವದು. ಹತ್ತರ ನೋಟುಗಳೆರಡನ್ನು ಎಂಟು ಜನಕ್ಕೆ ಹಂಚುವದೆಂತು? ಯಾರಿಗೂ ಹತ್ತರ ನೋಟು ಸಿಗಲಿಲ್ಲ. ಆ ‘ಯಾರಿಗೂ ಸಿಗಲಿಲ್ಲ’ ಎಂಬುದೇ ಸೊನ್ನೆ. ಎರಡನ್ನೂ ಮುರಿಸಿದರೆ ಇಪ್ಪತ್ತು ಬಿಡಿ ರೂಪಾಯಿ, ಮೊದಲಿನ ನಾಲ್ಕು ಸೇರಿ ಇಪ್ಪತ್ನಾಲ್ಕು, ತಲೆಗೆ ಮೂರು. ಒಬ್ಬೊಬ್ಬನ ಕೈಯಲ್ಲಿ ನೂರಾ ಮೂರು. ಹಂಚಿಕೊಂಡ ಎಂಟು ಮಕ್ಕಳಲ್ಲಿ ಒಬ್ಬನೂ ತನ್ನ ಪಾಲು ಹದಿಮೂರು ರೂಪಾಯಿಯೆಂದು ಒಪ್ಪಲಾರನು. ಈ ಕೆಲಸಕ್ಕೆ ಬೇಕಾಗುವದು ಒಂದು ತಾಸು. ಆದರೆ ಆ ಒಂದು ತಾಸು ಏಳನೆಯ ಇಯತ್ತೆಯವರೆಗೆ ಯಾರಿಗೂ ದೊರೆಯಲಿಲ್ಲ, ಎಂಟನೆಯ ಇಯತ್ತೆಯಲ್ಲಿ ಅದು ‘ನಮ್ಮ ಪಠ್ಯದಲ್ಲಿಲ್ಲ’.

ಅಪೂರ್ಣಾಂಕಗಳ ಗತಿಯೂ ಇದೇ. ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದೆನ್ನುವ ಮಕ್ಕಳು ಹೇರಳವಾಗಿರುವರು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಕನ್ನಡ ನುಡಿಯಾದರೋ ಈ ವಿಷಯದಲ್ಲಿ ಬಡವೆಯಲ್ಲ. ಕಾಲು, ಅರೆ, ಮುಕ್ಕಾಲು, ಹದಿನಾರನೆಯ ಒಂದು ಭಾಗಕ್ಕೆ ವೀಸ, ಹೀಗೆ ಹೆಸರು ಹಿಡಿದು ಕರೆಯುವ ಭಾಷೆಯಿದು. ನಮ್ಮ ಹಿರಿಯರು ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಸಂಜೆಯ ದೀಪದ ಮುಂದೆ ಕುಳಿತು ಒಪ್ಪಿಸುತ್ತಿದ್ದರು. ಅರ್ಥವರಿಯದ ಬಾಯಿಪಾಠವೆಂದು ಅದನ್ನು ಹಳಿದು ಕೈಬಿಟ್ಟೆವು. ಹಳಿದುದು ಪೂರ್ಣವಾಗಿ ತಪ್ಪೆಂದು ನಾವು ವಾದಿಸುವದಿಲ್ಲ. ಅರ್ಥವಿಲ್ಲದ ಬಾಯಿಪಾಠವನ್ನು ನಾವೂ ಬೇಕಾದಷ್ಟು ಮಾಡಿದ್ದೇವೆ. ಆದರೆ ಬಾಯಿಪಾಠವನ್ನು ಹೊರಗೆ ಹಾಕಿದವರು ಅದರ ಜಾಗದಲ್ಲಿ ಅರ್ಥವನ್ನಾದರೂ ಕೂಡ್ರಿಸಬೇಕಾಗಿತ್ತು. ಸಂತೆಯಲ್ಲಿ ಮುಕ್ಕಾಲು ಕಿಲೋ ಬದನೆಕಾಯಿಗೆ ಬೆಲೆ ಕಟ್ಟಬಲ್ಲ ಹುಡುಗಿಯು ಅದೇ ಮುಕ್ಕಾಲನ್ನು ಗೆರೆಯ ಮೇಲೆ ಮೂರು, ಕೆಳಗೆ ನಾಲ್ಕು ಎಂದು ಬರೆದೊಡನೆ ಗುರುತಿಸದಿದ್ದರೆ, ಸಂತೆಗೂ ತರಗತಿಗೂ ನಡುವೆ ಗೋಡೆ ಕಟ್ಟಿದವರು ಯಾರು?

ಗಣಿತಕ್ಕಿಂತಲೂ ಮೊದಲಿನದು ಓದು. ‘ಒಬ್ಬ ರೈತನು ತನ್ನ ಜಮೀನಿನ ಮೂರನೆಯ ಒಂದು ಭಾಗದಲ್ಲಿ ಹತ್ತಿಯನ್ನು, ಉಳಿದುದರ ಅರ್ಧದಲ್ಲಿ ಜೋಳವನ್ನು ಬಿತ್ತಿದರೆ’ ಎಂದು ತೊಡಗುವ ಲೆಕ್ಕದಲ್ಲಿ ‘ಉಳಿದುದರ’ ಎಂಬ ಒಂದು ಮಾತಿನ ಮೇಲೆ ಎಲ್ಲವೂ ನಿಂತಿರುವದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವ ಮಗು ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಆ ಮಾತನ್ನು ಕಳೆದುಕೊಂಡಿರುವದು. ಅಂಥ ಮಗುವನ್ನು ಗಣಿತದಲ್ಲಿ ದಡ್ಡವೆನ್ನುವದು ಅನ್ಯಾಯ. ಅದಕ್ಕೆ ಗಣಿತವನ್ನು ಇನ್ನೂ ಯಾರೂ ಕೇಳಿಯೇ ಇಲ್ಲ.

ವಿಜ್ಞಾನದಲ್ಲಿ ಇದಕ್ಕಿಂತ ವಿಚಿತ್ರವಾದ ಸಂಗತಿಯಿದೆ. ಹಲವು ವರ್ಷ ನಮ್ಮ ಎಂಟನೆಯ ಇಯತ್ತೆಯ ಮಕ್ಕಳ ಕೈಗೆ ಬಂದ ವಿಜ್ಞಾನ ಪುಸ್ತಕದ ಮೊದಲನೆಯ ಅಧ್ಯಾಯವೇ ಬೆಳೆಯ ಉತ್ಪಾದನೆ ಮತ್ತು ನಿರ್ವಹಣೆ. ಜೂನ್ ತಿಂಗಳು, ಬಿತ್ತಿಗೆಯ ಕಾಲ, ಶಾಲೆಯ ಬೇಲಿಯಾಚೆಗೆ ಹೆಸರು ಶೇಂಗಾ ಬಿತ್ತುತ್ತಿರುವರು. ಇಂಥ ಸುಯೋಗ ಎಷ್ಟು ಅಧ್ಯಾಯಗಳಿಗುಂಟು? ಆದರೆ ಪುಸ್ತಕವು ಖಾರಿಫ್, ರಬಿ ಎನ್ನುವದು. ಮಗು ಬಲ್ಲದ್ದು ಮುಂಗಾರಿ, ಹಿಂಗಾರಿ. ಹಾಲಿಕೆಯಂಥ ಬಾಯುಳ್ಳ, ಚೂಪಾದ ತುದಿಯ ಎರಡು ಮೂರು ಕೊಳವೆಗಳ ಮೂಲಕ ಬೀಜವನ್ನು ಮಣ್ಣಿಗಿಳಿಸುವ ಸಾಂಪ್ರದಾಯಿಕ ಉಪಕರಣವೊಂದನ್ನು ಪುಸ್ತಕವು ವರ್ಣಿಸುವದು. ಮಗುವು ಅದನ್ನು ಬಾಯಿಪಾಠ ಮಾಡುವದು. ಅದೇ ಮಗುವಿನ ಮನೆಯ ಅಟ್ಟದ ಮೇಲೆ ಕೂರಿಗೆಯಿದೆ. ಅದರ ಬಟ್ಟಲಿಗೆ ತಾಯಿಯು ಕಾಳು ಬಿಡುತ್ತ ನಡೆದುದನ್ನು ಅದು ಕಳೆದ ವಾರವೇ ಕಂಡಿದೆ. ಕಾಳುಗಳನ್ನು ನೀರಿಗೆ ಹಾಕಿ ತೇಲುವವನ್ನು ಬೇರ್ಪಡಿಸೆಂಬ ಪ್ರಯೋಗವೂ ಆ ಪುಸ್ತಕದಲ್ಲುಂಟು. ಜೊಳ್ಳು ತೇಲುವದೆಂಬುದನ್ನು ಒಕ್ಕಲಿಗರ ಮನೆಯ ಮಗುವಿಗೆ ಕಲಿಸಬೇಕಾಗಿಲ್ಲ. ಏಕೆ ತೇಲುವದೆಂಬುದನ್ನು ಕಲಿಸಬೇಕು, ಹುಳು ತಿಂದ ಕಾಳಿನೊಳಗೆ ಪೊಳ್ಳಾಗಿ ಅದು ಹಗುರಾಗುವದೆಂಬುದನ್ನು ಬಿಡಿಸಿ ತೋರಿಸಬೇಕು, ಅದೇ ವಿಜ್ಞಾನ. ಕೂರಿಗೆಯನ್ನು ಬಲ್ಲ ಮಗುವಿಗೆ ಕೂರಿಗೆಯ ವರ್ಣನೆಯನ್ನು ಪರಭಾಷೆಯಂತೆ ಉರು ಹೊಡೆಸುವ ವಿದ್ಯೆಗೆ ಏನೆಂದು ಹೆಸರಿಡಬೇಕೋ ತಿಳಿಯದು. ಪುಸ್ತಕದ ಭಾಷೆಯು ಕನ್ನಡವಾದರೆ ಸಾಲದು, ಮಗುವಿನ ಊರಿನವರೆಗೆ ಅದು ನಡೆದು ಬರಬೇಕು. ಆ ಕೊನೆಯ ಹೆಜ್ಜೆಯನ್ನು ಇಡಿಸಬಲ್ಲವನು ಶಿಕ್ಷಕನೊಬ್ಬನೇ.

ಶಿಕ್ಷಕನಿಗೆ ಹೊತ್ತೆಲ್ಲಿದೆ ಎನ್ನುವಿರಾ? ಆ ಲೆಕ್ಕವನ್ನೂ ಮಾಡೋಣ. ಕಾಯಿದೆಯ ಪ್ರಕಾರ ಆರರಿಂದ ಎಂಟರವರೆಗಿನ ಇಯತ್ತೆಗಳಿಗೆ ವರ್ಷಕ್ಕೆ ಕನಿಷ್ಠ ೨೨೦ ದಿನ, ೧೦೦೦ ತಾಸು ಬೋಧನೆ ನಡೆಯಬೇಕು. ಅರ್ಧವರ್ಷದ ಪಾಲಿಗೆ ೧೧೦ ದಿನ. ಗಣಿತಕ್ಕೆ ದಿನಕ್ಕೊಂದು ನಲವತ್ತು ನಿಮಿಷದ ಪಾಠವೆಂದು ಹಿಡಿದರೆ ಒಟ್ಟು ೪೪೦೦ ನಿಮಿಷ. ಕಾಯಿದೆಯೇ ಹೇಳಿದಂತೆ ಶಿಕ್ಷಕನಿಗೆ ೩೫ ಮಕ್ಕಳೆಂದರೆ ತಲೆಗೆ ಎರಡು ತಾಸು ಐದು ನಿಮಿಷ ಬೀಳುವದು. ಒಂದು ಮಗುವಿನ ಭಾಗಾಕಾರ, ಅಪೂರ್ಣಾಂಕ, ಸಮೀಕರಣಗಳೆಲ್ಲಕ್ಕೂ ಅರ್ಧವರ್ಷಕ್ಕೆ ಎರಡು ತಾಸು! ಅದರಲ್ಲಿಯೂ ಮಲೆನಾಡಿನಲ್ಲಿ ಮಳೆಯ ರಜೆ, ಬಯಲುನಾಡಿನಲ್ಲಿ ಕ್ರೀಡಾಕೂಟದ ತಾಲೀಮು, ಪ್ರತಿಭಾ ಕಾರಂಜಿಯ ಸಿದ್ಧತೆ. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಕೂಡದೆಂದು ಕಾಯಿದೆಯ ೨೭ನೆಯ ಕಲಮು ಹೇಳುವದು. ಆ ಕಲಮಿನ ಹೊರಗೆ ಎಷ್ಟು ಕೆಲಸ ನಡೆಯುವದೆಂಬುದನ್ನು ಯಾವನೇ ಮುಖ್ಯೋಪಾಧ್ಯಾಯನ ಮೇಜಿನ ಮೇಲಿನ ಕಾಗದಗಳು ಹೇಳುವವು.

ಇಷ್ಟು ಕಿರಿದಾದ ಹೊತ್ತಿನಲ್ಲಿ ಮಾಡತಕ್ಕುದನ್ನು ಆರಿಸಿಕೊಳ್ಳಬೇಕು. ಇಲಾಖೆಯು ಆರಿಸಿಕೊಂಡಿರುವದು ‘ಪಠ್ಯ ಮುಗಿಸುವದನ್ನು’. ವರ್ಷಾರಂಭಕ್ಕೆ ಸೇತುಬಂಧವೆಂಬ ಕಾರ್ಯಕ್ರಮವು ಬಹಳ ಕಾಲದಿಂದ ನಡೆದುಬಂದಿದೆ, ನಿಜ. ಪೂರ್ವ ಪರೀಕ್ಷೆ, ಕೆಲವು ದಿನಗಳ ಪರಿಹಾರ ಬೋಧನೆ, ಬಳಿಕ ಸಾಫಲ್ಯ ಪರೀಕ್ಷೆ. ಹೆಸರೂ ಚೆನ್ನ, ಉದ್ದೇಶವೂ ಚೆನ್ನ. ಆದರೆ ಶ್ರೀರಾಮನು ಸೇತುವನ್ನು ಕಟ್ಟಿಸಿದ್ದು ಸೈನ್ಯವು ಕಡಲನ್ನು ದಾಟಲೆಂದು. ಕಟ್ಟಿದೆವೆಂದು ಮೇಲಿನವರಿಗೆ ವರದಿ ಕಳಿಸಲಿಕ್ಕಲ್ಲ. ಏಳು ವರ್ಷಗಳ ಕೊರತೆಯನ್ನು ಕೆಲವು ದಿನಗಳಲ್ಲಿ ತುಂಬಿದೆವೆಂದು ಬರೆದುಕೊಟ್ಟ ಕಾಗದವು ಯಾರನ್ನೂ ದಾಟಿಸದು.

ಮಹಾಮಾರಿಯ ನಿಮಿತ್ತ ೨೦೨೦ರ ಮಾರ್ಚಿಯಿಂದ ಶಾಲೆಗಳು ಮುಚ್ಚಿ, ಬಳಿಕ ತೆರೆದಾಗ, ಮಕ್ಕಳು ಹಿಂದೆ ಬಿದ್ದಿರುವರೆಂಬುದನ್ನು ಸರಕಾರವು ಬಹಿರಂಗವಾಗಿ ಒಪ್ಪಿಕೊಂಡಿತು. ೨೦೨೨-೨೩ರಲ್ಲಿ ‘ಕಲಿಕಾ ಚೇತರಿಕೆ’ಯೆಂದು ಇಡೀ ವರ್ಷದ ಕಾರ್ಯಕ್ರಮವನ್ನು ಹಾಕಿಕೊಂಡಿತು. ಹಿಂದೆ ಬಿದ್ದ ಮಗುವಿಗೆ ಹೊತ್ತು ಬೇಕೆಂಬ ತತ್ತ್ವವು ರೋಗದ ವರ್ಷದಲ್ಲಿ ಸತ್ಯವಾಗಿದ್ದರೆ ಉಳಿದ ವರ್ಷಗಳಲ್ಲಿ ಸುಳ್ಳಾಗುವದು ಹೇಗೆ?

ನಾವು ಕೇಳುವದು ಬಹಳವಲ್ಲ. ಎಂಟನೆಯ ಇಯತ್ತೆಯ ಮೊದಲ ಅವಧಿಯುದ್ದಕ್ಕೂ ದಿನದ ಮೊದಲಿನ ಎರಡು ಪಾಠಗಳನ್ನು ಓದುಬರಹಕ್ಕೂ ನಾಲ್ಕು ಮೂಲ ಲೆಕ್ಕಗಳಿಗೂ ಮೀಸಲಿಡಬೇಕು. ಆ ಹೊತ್ತಿನಲ್ಲಿ ಮಕ್ಕಳು ಬಲ್ಲಷ್ಟಕ್ಕೆ ತಕ್ಕಂತೆ ಗುಂಪಾಗಿ ಕುಳಿತುಕೊಳ್ಳಲಿ. ಹಿಂದಿಯ ಶಿಕ್ಷಕರೂ ದೈಹಿಕ ಶಿಕ್ಷಕರೂ ಒಂದೊಂದು ಗುಂಪನ್ನು ವಹಿಸಿಕೊಳ್ಳಲಿ. ಅಷ್ಟರಮಟ್ಟಿಗೆ ಪಠ್ಯದಲ್ಲಿ ಯಾವುದನ್ನು ಕೈಬಿಡಬೇಕೆಂಬುದನ್ನು ಇಲಾಖೆಯೇ ಬರೆದು ತಿಳಿಸಲಿ. ಶಿಕ್ಷಕನನ್ನು ಕಳ್ಳನಂತೆ ಪಾಠ ಹಾರಿಸುವ ಸ್ಥಿತಿಗೆ ದೂಡಬಾರದು. ಹರಿಯಾಣದ ಪ್ರಾಥಮಿಕ ಶಾಲೆಗಳಲ್ಲಿ ೨೦೧೨-೧೩ರಲ್ಲಿ ದಿನಕ್ಕೊಂದು ತಾಸು ಮಕ್ಕಳನ್ನು ಇಯತ್ತೆಯ ಪ್ರಕಾರ ಕೂಡ್ರಿಸದೆ ಕಲಿಕೆಯ ಮಟ್ಟದ ಪ್ರಕಾರ ಕೂಡ್ರಿಸಿ ನೋಡಿದರು. ಹಿಂದಿಯ ಓದಿನಲ್ಲಿ ಸ್ಪಷ್ಟವಾದ ಏಳಿಗೆ ಕಂಡುಬಂದಿತು, ಗಣಿತದಲ್ಲಿ ಕಂಡುಬರಲಿಲ್ಲ. ನಮ್ಮ ಪಕ್ಷಕ್ಕೆ ಅನುಕೂಲವಾದ ಅರ್ಧವನ್ನಷ್ಟೇ ಹೇಳುವದು ಧರ್ಮವಲ್ಲವಾದುದರಿಂದ ಎರಡನ್ನೂ ಹೇಳಿದ್ದೇವೆ. ಗಣಿತಕ್ಕೆ ಗುಂಪು ಮಾಡಿದರೆ ಸಾಲದು, ಮೇಲೆ ಹೇಳಿದ ಎಂಟು ನೋಟುಗಳಂಥ ಉಪಾಯಗಳೂ ನುರಿತ ಕೈಯೂ ಬೇಕೆಂಬುದನ್ನೇ ಇದು ತಿಳಿಸುವಂತಿದೆ.

ಒಂದು ಎಚ್ಚರಿಕೆ. ಹದಿಮೂರು ವರ್ಷದ, ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ ಗಿಳಿಯ ಚಿತ್ರದ ಎರಡನೆಯ ಇಯತ್ತೆಯ ಪುಸ್ತಕವನ್ನು ಕೊಟ್ಟರೆ ಅವನು ಮರುದಿನ ಬಾರನು. ಓದಲು ಬಾರದವನಿಗೂ ಮಾನವುಂಟು. ಅದು ಬಹಳ ಮಾಡಿ ಓದುಬಲ್ಲವನಿಗಿಂತ ಹೆಚ್ಚು. ಅವನಿಗೆ ಬೀಜದ ಪೊಟ್ಟಣದ ಮೇಲಿನ ಸೂಚನೆಯನ್ನು ಕೊಡಿರಿ, ಔಷಧಿಯ ಬಾಟಲಿಯ ಚೀಟಿಯನ್ನು ಕೊಡಿರಿ, ಬಸ್ಸಿನ ವೇಳಾಪಟ್ಟಿಯನ್ನು ಕೊಡಿರಿ, ಕುಸ್ತಿಯ ಸುದ್ದಿಯನ್ನು ಕೊಡಿರಿ. ವಯಸ್ಸಿಗೆ ತಕ್ಕ ವಿಷಯ, ಶಕ್ತಿಗೆ ತಕ್ಕ ವಾಕ್ಯ. ಹೆಣ್ಣುಮಗಳ ವಿಷಯದಲ್ಲಂತೂ ಹೊತ್ತು ಇನ್ನೂ ಕಡಿಮೆ. ‘ನನಗೆ ತಿಳಿಯುವದಿಲ್ಲ’ ಎಂದು ಆಕೆ ಮನೆಯಲ್ಲಿ ಒಮ್ಮೆ ಅಂದರೆ ಸಾಕು, ‘ಹಾಗಾದರೆ ಸಾಕು ಬಿಡು’ ಎಂಬ ಉತ್ತರವು ಕೆಲವು ಮನೆಗಳಲ್ಲಿ ಸಿದ್ಧವಾಗಿಯೇ ಇರುವದು.

ಇತ್ತ ನಮ್ಮ ವಾದವಿವಾದಗಳೆಲ್ಲ ವರ್ಷದ ಕೊನೆಯನ್ನು ಕುರಿತವು. ಎಂಟನೆಯ ಇಯತ್ತೆಯವರೆಗೆ ಯಾರನ್ನೂ ತಡೆಯಬಾರದೆಂದು ೨೦೦೯ರ ಕಾಯಿದೆ. ಐದಕ್ಕೂ ಎಂಟಕ್ಕೂ ಪರೀಕ್ಷೆ ನಡೆಸಿ ತಡೆಯಬಹುದೆಂದು ೨೦೧೯ರ ತಿದ್ದುಪಡಿ. ಅದರಂತೆ ೨೦೨೪ರ ಡಿಸೆಂಬರದಲ್ಲಿ ಕೇಂದ್ರ ಸರಕಾರದ ಹೊಸ ನಿಯಮಗಳು. ತಡೆಯಬೇಕೆನ್ನುವವರೂ ತಡೆಯಕೂಡದೆನ್ನುವವರೂ ಪಂಡಿತರೇ. ಆದರೆ ಮಗು ಕಳೆದುಹೋಗುವದು ಏಪ್ರಿಲಿನಲ್ಲಲ್ಲ, ಜುಲೈದಲ್ಲಿ. ಗೋಖಲೆಯವರು ೧೯೧೧ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದಾಗ, ಮಕ್ಕಳನ್ನು ಶಾಲೆಗೆ ತರುವದೇ ದೊಡ್ಡ ಪ್ರಶ್ನೆಯಾಗಿತ್ತು. ಮರುವರ್ಷ ಪರಕೀಯ ಸರಕಾರದ ಬಹುಮತವು ಅದನ್ನು ಬಿದ್ದುಹೋಗುವಂತೆ ಮಾಡಿತು. ೧೯೧೮ರಲ್ಲಿ ವಿಠ್ಠಲಭಾಯಿ ಪಟೇಲರು ಮುಂಬಯಿಯಲ್ಲಿ ಅಂಥದೇ ಕಾಯಿದೆಯನ್ನು ಪಾಸು ಮಾಡಿಸಿದರು. ಹತ್ತು ವರ್ಷಗಳಲ್ಲಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು ಒದಗಿಸುವದಕ್ಕೆ ಯತ್ನಿಸಬೇಕೆಂದು ೧೯೫೦ರ ಸಂವಿಧಾನವು ಹೇಳಿತು. ಅದು ಹಕ್ಕಾಗಿ ಜಾರಿಗೆ ಬಂದದ್ದು ೨೦೧೦ರ ಏಪ್ರಿಲ್ ಒಂದರಂದು. ಶಾಲೆಗೆ ತರುವದಕ್ಕೆ ನೂರು ವರ್ಷ ಹಿಡಿಯಿತು. ಬಂದವರಿಗೆ ಕಲಿಸುವದಕ್ಕೆ ಇನ್ನೊಂದು ನೂರು ವರ್ಷ ಬೇಕೆಂದು ಯಾರಾದರೂ ಹೇಳುವದಾದರೆ ಅವರು ಅದನ್ನು ಬಾಯಿಬಿಟ್ಟು ಹೇಳಲಿ.

ಈ ವಿಷಯದಲ್ಲಿ ಪತ್ರಿಕೆಗಳ ತಪ್ಪೂ ಇಲ್ಲದಿಲ್ಲ. ಹತ್ತನೆಯ ಇಯತ್ತೆಯ ಫಲಿತಾಂಶ ಹೊರಬಿದ್ದ ದಿನ ಯಾವ ಜಿಲ್ಲೆಗೆ ಎಷ್ಟನೆಯ ಸ್ಥಾನವೆಂದು ನಾವು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವೆವು. ಹೆಚ್ಚು ಅಂಕ ಪಡೆದವರ ಭಾವಚಿತ್ರಗಳಿಗೆ ಅರ್ಧ ಪುಟವನ್ನು ಬಿಟ್ಟುಕೊಡುವೆವು. ಮುಖ್ಯೋಪಾಧ್ಯಾಯರನ್ನು ಮೇಲಧಿಕಾರಿಗಳು ಕೇಳುವದೂ ಅದೊಂದನ್ನೇ. ಅದರ ಪರಿಣಾಮವಾಗಿ ಶಾಲೆಯ ಅತ್ಯುತ್ತಮ ಗಣಿತದ ಶಿಕ್ಷಕರು ಹತ್ತನೆಯ ಇಯತ್ತೆಗೆ, ವಿಶೇಷ ತರಗತಿಗಳು ಹತ್ತನೆಯ ಇಯತ್ತೆಗೆ, ರಾತ್ರಿಯ ಓದು ಹತ್ತನೆಯ ಇಯತ್ತೆಗೆ. ಎಂಟನೆಯ ಇಯತ್ತೆಯಲ್ಲಿ ಸೊನ್ನೆಯನ್ನು ಬಿಟ್ಟ ಹುಡುಗನ ಕಡೆಗೆ ಎರಡು ವರ್ಷಗಳ ಬಳಿಕ, ಹತ್ತರ ಡಿಸೆಂಬರದಲ್ಲಿ, ಎಲ್ಲರೂ ಏಕಕಾಲಕ್ಕೆ ತಿರುಗಿ ನೋಡುವರು. ಮಾಡಿದ ತಪ್ಪನ್ನು ಒಪ್ಪಿಕೊಂಡು ಸುಮ್ಮನಿರುವದು ನಮ್ಮ ಮನಸ್ಸಿಗೆ ಬಂದಿಲ್ಲ.

ಆದುದರಿಂದ ನಮ್ಮ ಪ್ರಾಂತದ ಮುಖ್ಯೋಪಾಧ್ಯಾಯರಲ್ಲಿ ಒಂದು ಬಿನ್ನಹ. ಎಂಟನೆಯ ಇಯತ್ತೆಗೆ ಜೂನಿನಲ್ಲಿ ಬಂದ ಮಕ್ಕಳಲ್ಲಿ ತಡೆಯಿಲ್ಲದೆ ಓದಲಾರದವರು ಎಷ್ಟು, ಭಾಗಿಸಲಾರದವರು ಎಷ್ಟು. ದಸರೆಯ ರಜೆಗೆ ಶಾಲೆ ಮುಚ್ಚುವ ದಿನ ಅವರಲ್ಲಿ ಉಳಿದವರು ಎಷ್ಟು, ಶಾಲೆಯನ್ನೇ ಬಿಟ್ಟವರು ಎಷ್ಟು, ಇಷ್ಟನ್ನು ಒಂದು ಅಂಚೆಯ ಕಾರ್ಡಿನ ಮೇಲೆ ಬರೆದು ಕಳಿಸಿರಿ. ಮಕ್ಕಳ ಹೆಸರು ಬೇಡ. ಅಂಕಿಯು ಕೆಟ್ಟದಾಗಿದ್ದರೂ ಮುಚ್ಚಿಡಬೇಡಿರಿ. ಜೂನಿನ ಕೆಟ್ಟ ಅಂಕಿ ನಿಮ್ಮ ತಪ್ಪಲ್ಲ. ಬಂದ ಕಾರ್ಡುಗಳನ್ನು ಶಾಲೆಯ ಹೆಸರಿನೊಡನೆ, ಫಲಿತಾಂಶದ ದಿನ ಭಾವಚಿತ್ರಗಳಿಗೆ ಕೊಡುವ ಅದೇ ಅರ್ಧ ಪುಟದಲ್ಲಿ, ದೀಪಾವಳಿಯೊಳಗಾಗಿ ಮುದ್ರಿಸುವೆವು. ಓದುವ ಗುಂಪುಗಳಿಗಾಗಿ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು ಬೇಕಾದವರು ಅದೇ ಕಾರ್ಡಿನಲ್ಲಿ ತಿಳಿಸಿದರೆ ಕಟ್ಟು ಕಟ್ಟಿ ಕಳಿಸಿಕೊಡಲಾಗುವದು. ಸಾಗಣೆಯ ವೆಚ್ಚವು ಪತ್ರಿಕೆಯದು.